ಹಲ್ಲಿಮನೆಯ ನೆಲ

ಗೋಡೆ ತುಂಬ ಹಲ್ಲಿಗಳಿರುವಾಗ ಇನ್ನೊಂದನ್ನು ಪೆಟ್ಟಿಗೆಯಲ್ಲಿಟ್ಟು ಸಾಕುವವರು ಹುಣಸೂರು ತಾಲ್ಲೂಕಿನಲ್ಲಿ ನಾವೇ ಎಂದು ನಮ್ಮತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಇರಬಹುದು. ನನ್ನ ತಂಗಿ ಮೈಸೂರಿನ ಮನೆ ಖಾಲಿ ಮಾಡುವಾಗ ತಾನು ಸಾಕಿದ್ದ ಗೆಕ್ಕೋ ಹಲ್ಲಿಯನ್ನು ಗಾಜಿನ ಪೆಟ್ಟಿಗೆಯ ಸಮೇತ ನನ್ನ ಮಡಿಲಿಗೆ ಹಾಕಿ ಹೋದಳು. ಹಳದಿ ಮೈ, ಚಿರತೆಯಂಥ ಚುಕ್ಕೆ, ಸದಾ ನಗುವಂತಿರುವ ಬಾಯಿ. ಮೊದಮೊದಲು ಮುಟ್ಟಲು ಹೇಸಿದೆ. ಒಂದು ದಿನ ಅದು ನನ್ನ ಅಂಗೈ ಏರಿ ಕಣ್ಣು ಮುಚ್ಚಿ ಮಲಗಿತು. ಅಲ್ಲಿಗೆ ನನ್ನ ಕಥೆ ಮುಗಿಯಿತು.

ಅತ್ತೆಯ ತಕರಾರೇ ಬೇರೆ. ಹಲ್ಲಿ ಎಂದರೆ ಲೊಚಗುಟ್ಟಬೇಕು. ಲೊಚಗುಟ್ಟಿದರೆ ಆಡಿದ ಮಾತು ನಿಜವೆಂದು ಲೆಕ್ಕ, ಕೂಡಲೇ ಬೆರಳಿನಿಂದ ನೆಲ ಕುಟ್ಟಿ ‘ಕೃಷ್ಣ ಕೃಷ್ಣ’ ಅನ್ನಬೇಕು. ಈ ಮೂಗ ಹಲ್ಲಿಯಿಂದ ಯಾರಿಗೇನು ಉಪಯೋಗ ಎಂದು ಕೇಳಿ, ಪೆಟ್ಟಿಗೆಯಿಂದ ದೂರವೇ ಓಡಾಡುತ್ತಿದ್ದರು.

ತಂಗಿ ಪೆಟ್ಟಿಗೆಯ ತಳಕ್ಕೆ ಬರೀ ಕಾಗದ ಹಾಸಿದ್ದಳು. ಜೀವವನ್ನು ಕಾಗದದ ಮೇಲೆ ಮಲಗಿಸುವುದೇ ಎಂದು ನನ್ನ ಗಂಡ ಲಕ್ಷ್ಮಣತೀರ್ಥ ಹೊಳೆಯ ಮರಳು ತಂದು, ಜರಡಿ ಹಿಡಿದು, ತೊಳೆದು ಹರಡಿದರು. ನೋಡಲು ಚೆಂದವೇ ಇತ್ತು. ಆದರೆ ಗೆಕ್ಕೋ ಹುಳ ಹಿಡಿಯುವಾಗಲೆಲ್ಲ ಮರಳೂ ಬಾಯಿಗೆ ಹೋಗುತ್ತಿತ್ತು. ಕ್ರಮೇಣ ಅದು ತಿನ್ನುವುದನ್ನೇ ಬಿಟ್ಟಿತು, ಹೊಟ್ಟೆ ಬಿಗಿಯಿತು. ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹತ್ತಿ ಮೈಸೂರಿನ ಪ್ರಾಣಿ ಡಾಕ್ಟರ ಬಳಿಗೆ ಕರೆದೊಯ್ದೆ. ಹೊಟ್ಟೆಯಲ್ಲಿ ಮರಳು ಕಟ್ಟಿದೆ, ಹೊರಗೆ ಬಂದರೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ ಎಂದರು ಡಾಕ್ಟರು. ದಿನಾ ಬೆಚ್ಚನೆಯ ನೀರಿನಲ್ಲಿ ಕೂರಿಸಬೇಕು, ಬಾಯಿಗೆ ಹೋಗುವಂಥದ್ದೇನೂ ನೆಲದಲ್ಲಿರಬಾರದು. ವಾಪಸು ಬರುವ ದಾರಿಯುದ್ದಕ್ಕೂ ಡಬ್ಬಿಯನ್ನು ಎದೆಗವಚಿಕೊಂಡು ಕೂತಿದ್ದೆ. ನನಗೆ ಭಯವಾಗಿತ್ತು.

ಮಾರನೆಯ ದಿನ ನಾನು ಅದನ್ನು ನೀರಿನಲ್ಲಿ ಕೂರಿಸಿಕೊಂಡಿದ್ದಾಗ, ಗಂಡ ಹೊಗೆಸೊಪ್ಪಿನ ಸಸಿಯ ಟ್ರೇಗಳಲ್ಲಿ ಉಳಿದಿದ್ದ ತೆಂಗಿನ ನಾರಿನ ಪುಡಿಯನ್ನು ತಂದು ಪೆಟ್ಟಿಗೆಗೆ ಸುರಿಯುತ್ತಿದ್ದರು. ನಮ್ಮ ಕಡೆ ಹೊಗೆಸೊಪ್ಪಿನ ಸಸಿಗೆ ಸಿಗುವ ಉಪಚಾರ ಹೆತ್ತ ಮಕ್ಕಳಿಗೂ ಸಿಗುವುದಿಲ್ಲ. ಸಸಿಗೆ ಮೆತ್ತಗಿದ್ದದ್ದು ಹಲ್ಲಿಗೂ ಮೆತ್ತಗಿರುತ್ತದೆ ಎಂದು ಅವರ ಎಣಿಕೆ. ಔಷಧಿಯ ವಾಸನೆ ನನ್ನ ಮೂಗಿಗೆ ಬಡಿಯಿತು.

“ಹುಳ ಸಾಯ್ಲಿ ಅಂತ ಔಷ್ದಿ ಉಯ್ದಿರೋ ಪುಡಿ ಕಣ್ರೀ ಅದು. ಹುಳ ತಿನ್ನೋ ಜೀವ ಅದ್ರ ಮೇಲೆ ಬದುಕ್ತದಾ?” ಎಂದೆ.

ಅವರು ಪೆಟ್ಟಿಗೆಯನ್ನು ಹೊರಗೆ ಒಯ್ದು, ವಾಸನೆ ಹೋಗುವ ತನಕ ಉಜ್ಜಿ ತೊಳೆದರು.

ಮತ್ತೆ ಕಾಗದಕ್ಕೇ ಬಂದೆವು. ಪತ್ರಿಕೆಯಲ್ಲಿ ದೇವರ ಪಟವಿದ್ದ ಹಾಳೆಗಳನ್ನು ಅತ್ತೆ ಆರಿಸಿ ತೆಗೆದಿಟ್ಟರು. ರಾಜಕಾರಣಿಗಳ ಪಟಕ್ಕೆ ಅಡ್ಡಿಯಿರಲಿಲ್ಲ. ಆದರೆ ಹಾಕಿದ ಹುಳ ಕಾಗದದಡಿ ನುಸುಳಿ ಮಾಯವಾಗುತ್ತಿತ್ತು. ಕೊನೆಗೆ ಗಂಡನಿಗೆ ಅಡುಗೆಮನೆಯ ಕಟ್ಟೆ ಮಾಡಿಸಿದಾಗ ಮಿಕ್ಕಿದ್ದ ಕಡಪ ಕಲ್ಲು ನೆನಪಾಯಿತು. ಪೇಟೆಗೆ ಒಯ್ದು ಅಳತೆಗೆ ಕೊಯ್ಯಿಸಿ, ಅಂಚುಗಳನ್ನು ತಾವೇ ಕೂತು ನುಣ್ಣಗೆ ಉಜ್ಜಿದರು. ಬಾಯಿಗೆ ಹೋಗುವಂಥದ್ದಿಲ್ಲ, ಹುಳ ಅಡಗಲು ಸಂದಿಯಿಲ್ಲ, ಒರೆಸಿದರೆ ಶುದ್ಧ. ಗೆಕ್ಕೋ ಅದರ ಮೇಲೆ ಹೊಟ್ಟೆ ಚೆಲ್ಲಿ ಬಿದ್ದುಕೊಂಡಿತು. ತಿನ್ನಲಿಲ್ಲ.

ಆಮೇಲೆ ಮನೆಯಲ್ಲಿ ಒಂದೇ ಪ್ರಶ್ನೆ, ಮರಳು ಬಂತಾ ಎಂದು. ಹೊಲದಿಂದ ಬಂದ ಗಂಡನೂ ಅದನ್ನೇ ಕೇಳುವರು, ಕಾಫಿ ಲೋಟ ಹಿಡಿದ ಅತ್ತೆಯೂ ದೂರದಿಂದಲೇ ಅದನ್ನೇ ಕೇಳುವರು. ನಾನು ಇಲ್ಲವೆಂದು ತಲೆಯಾಡಿಸುವೆ.

ಒಂದು ಬೆಳಗ್ಗೆ ಕಪ್ಪು ಕಲ್ಲಿನ ಮೇಲೆ ಎದ್ದು ಕಾಣುವಂತೆ ಅದು ಹೊಟ್ಟೆ ಖಾಲಿ ಮಾಡಿಕೊಂಡಿತ್ತು. ಕಡ್ಡಿಯಿಂದ ಕೆದಕಿದೆ. ಮರಳು. ಹಲ್ಲಿಯ ಹಿಕ್ಕೆ ನೋಡಿ ಕಣ್ತುಂಬಿಕೊಂಡವಳು ಊರಿಗೆ ನಾನೊಬ್ಬಳೇ ಇರಬೇಕು. ಕೂಗಿದೆ. ಅತ್ತೆ ಮೊದಲ ಸಲ ಪೆಟ್ಟಿಗೆಯ ಪಕ್ಕಕ್ಕೇ ಬಂದು ಬಗ್ಗಿ ನೋಡಿದರು.

“ಉಳ್ಕತದೆ ಬುಡು” ಎಂದರು.

ಗೋಡೆಯ ಮೇಲಿದ್ದ ಹಲ್ಲಿ ಲೊಚಗುಟ್ಟಿತು. ಅತ್ತೆಯ ಬೆರಳು ತಾನಾಗಿಯೇ ನೆಲ ಹುಡುಕಿತು. ಕೈಗೆ ಸಿಕ್ಕ ನೆಲ ತೆರೆದ ಪೆಟ್ಟಿಗೆಯೊಳಗಿನ ಆ ಕಲ್ಲೇ. ‘ಕೃಷ್ಣ ಕೃಷ್ಣ’ ಎನ್ನುತ್ತ ಅದನ್ನೇ ಕುಟ್ಟಿದರು. ಹುಳವೇನೋ ಎಂದುಕೊಂಡು ಗೆಕ್ಕೋ ತಲೆಯೆತ್ತಿತು, ಮೆಲ್ಲಗೆ ನಡೆದು ಬಂದು ಆ ಸುಕ್ಕುಬೆರಳನ್ನು ನೆಕ್ಕಿತು. ಅತ್ತೆ ಕೈ ಹಿಂದಕ್ಕೆ ತೆಗೆಯಲಿಲ್ಲ. ಇದಕ್ಕೆ ಹಸಿವಾಗಿದೆ, ಬೇಗ ಹುಳ ತಾ ಎಂದು ನನ್ನನ್ನೇ ಗದರಿದರು.