ಅಣ್ಣನ ಮೊದಲ ಹೊಡೆತ

ನೀಲಿ ಚಾಕಿನ ತುಂಡೊಂದು ಬಕೆಟ್ಟಿಗೆ ಬಿದ್ದರೆ ಏನಾಗುತ್ತದೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ನನಗೆ ಗೊತ್ತು. ಇವರ ಅಂಗಿಯ ಜೇಬಿನಲ್ಲಿ ಉಳಿದಿದ್ದ ಚಾಕ್ ಇವತ್ತು ನನ್ನ ಬಿಳಿ ಬಟ್ಟೆಗಳಿಗೆಲ್ಲ ಬಣ್ಣ ಹಚ್ಚಿದೆ. ನಿವೃತ್ತರಾದ ಗಂಡಸರು ಪೇಪರ್ ಓದುತ್ತಾರೆ, ವಾಕಿಂಗ್ ಹೋಗುತ್ತಾರೆ. ನಮ್ಮ ಮನೆಯವರು ಭಟ್ಕಳದ ಹೈವೇ ಬದಿಯ ಪೂಲ್ ಅಂಗಡಿಗೆ ಹೋಗಿ ಸ್ಟಿಕ್ಕಿನ ತುದಿಗೆ ಚಾಕ್ ತಿಕ್ಕಿಕೊಂಡು ಚೆಂಡು ಹೊಡೆಯುತ್ತಾರೆ. ಬರುವಾಗ ಗೆಳೆಯ ಮೊಹಿದ್ದೀನ್ ಭಾಯಿಯನ್ನೂ ಅದೇ ಹಳೆಯ ಜಗಳವನ್ನೂ ಮನೆಗೆ ಕರೆತರುತ್ತಾರೆ.

ಜಗಳ ಇಷ್ಟೇ. ಒತ್ತಾಗಿ ಜೋಡಿಸಿಟ್ಟ ಚೆಂಡುಗಳನ್ನು ಮೊದಲ ಹೊಡೆತಕ್ಕೆ ಚದುರಿಸುವುದಕ್ಕೆ ಬ್ರೇಕ್ ಎನ್ನುತ್ತಾರೆ. ಹಿಂದಿನ ಆಟಗಾರರು ಅದಕ್ಕೆಂದೇ ಬೇರೆ ಸ್ಟಿಕ್ ಇಟ್ಟುಕೊಳ್ಳುತ್ತಿದ್ದರೇ? ಹೌದೆಂದು ಭಾಯಿ; ಇಲ್ಲ, ತಮಗೆ ಹಿಡಿಸಿದ ಸ್ಟಿಕ್ಕಿನಲ್ಲೇ ಹೊಡೆಯುತ್ತಿದ್ದರೆಂದು ಇವರು. ಇಬ್ಬರೂ ಸಾಕ್ಷಿಗೆ ಎಳೆಯುವುದು ತೀರಿಹೋದ ನನ್ನ ಅಣ್ಣನನ್ನು. ದೇಶದ ಸಮಸ್ಯೆಗಳೆಲ್ಲ ಬಗೆಹರಿದು ಇದೊಂದೇ ಉಳಿದಿದೆ ಎಂಬಂತೆ ಚಹಾ ತಣ್ಣಗಾಗುವ ತನಕ ವಾದ.

ನನ್ನ ಮದುವೆಗೆ ಮೊದಲು ಹೊನ್ನಾವರದ ಒಂದು ಹೋಟೆಲಿನ ಮಹಡಿಯಲ್ಲಿ ಪೂಲ್ ಟೇಬಲ್ ಇತ್ತು. ಅಣ್ಣ ಕುಮಟೆಯಿಂದ ಬಸ್ಸಿನಲ್ಲಿ ಹೋಗಿ ಆಡುತ್ತಿದ್ದ. ಅವನಷ್ಟು ಚೆನ್ನಾಗಿ ಆಡುವವರು ಅಲ್ಲಿ ಇರಲಿಲ್ಲ. ಇವರು ಹೊನ್ನಾವರದವರೇ, ಭಾಯಿಯೊಂದಿಗೆ ಅಲ್ಲಿಗೆ ಬರುತ್ತಿದ್ದರು, ಆಟ ಸಾಧಾರಣ. ಆದರೆ ಅಣ್ಣ ಬ್ರೇಕ್ ಹೊಡೆಯುತ್ತಿದ್ದುದು ಇವರ ಸ್ಟಿಕ್ಕಿನಲ್ಲಿ. ಆ ಒಂದು ಹೆಮ್ಮೆಯನ್ನು ಇವರು ಇವತ್ತಿಗೂ ಇಸ್ತ್ರಿ ಮಾಡಿ ಇಟ್ಟುಕೊಂಡಿದ್ದಾರೆ. ಅಣ್ಣನೋ, ಆಟ ಮುಗಿದ ಮೇಲೆ ಆ ಸ್ಟಿಕ್ಕನ್ನೂ ತನ್ನ ಚೀಲದಲ್ಲಿ ಹಾಕಿಕೊಂಡು ಕುಮಟೆಗೆ ಬಂದುಬಿಡುತ್ತಿದ್ದ. ಭಾನುವಾರ ಇವರು ಅದನ್ನು ಒಯ್ಯಲು ಬರುತ್ತಿದ್ದರು. ನಾನು ಮುರುಗಲು ಪಾನಕ ಕೊಡುತ್ತಿದ್ದೆ. ಒಮ್ಮೆಯಂತೂ ಎರಡು ಲೋಟ ಪಾನಕ ಕುಡಿದು, ಬಂದ ಕೆಲಸವನ್ನೇ ಮರೆತು ಬರಿಗೈಯಲ್ಲಿ ಹೊರಟುಹೋದರು. ಎಂಥ ಮರೆಗುಳಿ ಎಂದುಕೊಂಡೆ.

ನಿಜ ಸಂಗತಿ ನನಗೊಬ್ಬಳಿಗೇ ತಿಳಿದಿತ್ತು. ಒಂದು ದಿನ ಅಣ್ಣ ಜಗಲಿಯಲ್ಲಿ ಕೂತು ತನ್ನ ಸ್ಟಿಕ್ ಒರೆಸುತ್ತಿದ್ದಾಗ ಹೇಳಿದ್ದ: "ಒಡೆಯೂಕೆ ಅವನದ್ದೇ ಸಾಕು. ಅಷ್ಟು ಜೋರು ಹೊಡೆದು ನನ್ನದರ ತುದಿ ಹಾಳು ಮಾಡೂದು ಎಂತಕ್ಕೆ? ನೀ ಅವನಿಗೆ ಹೇಳ್ಬೇಡ ಮತ್ತೆ." ನಾನು ಹೇಳಲಿಲ್ಲ. ಮುಂದೆ ಇವರನ್ನೇ ಮದುವೆಯಾದ ಮೇಲಂತೂ ಹೇಳುವ ಹಾಗೇ ಇರಲಿಲ್ಲ. ಮಾತು ಅಲ್ಲಿಗೆ ಬಂದಾಗಲೆಲ್ಲ ಹಾಲು ಉಕ್ಕಿತು ಎಂದು ಒಳಗೆ ಓಡುತ್ತಿದ್ದೆ. ಅಷ್ಟು ಹಾಲು ಯಾರ ಮನೆಯಲ್ಲೂ ಉಕ್ಕಿರಲಿಕ್ಕಿಲ್ಲ.

ನಿನ್ನೆ ಭಾಯಿ ಬಿಡಲಿಲ್ಲ. "ಭಾಭಿ, ನೀವೇ ಹೇಳಿ. ಬ್ರೇಕ್ ಆದ ಕೂಡ್ಲೇ ನಿಮ್ಮಣ್ಣ ಇವನ ಸ್ಟಿಕ್ ಗೋಡೆಗೆ ಒರಗಿಸಿ ತನ್ನದು ತಗೊಳ್ತಿದ್ದ. ಅದು ಎಂತಕ್ಕೆ?"

ಇವರು ನನ್ನ ಮುಖ ನೋಡಿದರು.

"ಅಣ್ಣಂಗೆ ಇವರ ಸ್ಟಿಕ್ ಮೇಲೆ ಭಾರೀ ನಂಬಿಕೆ" ಎಂದೆ.

ಭಾಯಿ ಗೊಣಗುತ್ತ ಎದ್ದುಹೋದರು. ಗೇಟು ಹಾಕಿದ ಸದ್ದು ಕೇಳಿದ್ದೇ ಇವರು ನಗತೊಡಗಿದರು.

"ಚಂದ ಸುಳ್ಳು ಹೇಳ್ತೆ ಮಾರಾಯ್ತಿ. ತುದಿ ಸವೆದಾಗೆಲ್ಲ ಹೊಸತು ಹಾಕಿಸಿದವ ನಾನು. ನಂಗೆ ಗೊತ್ತಿಲ್ಲ ಅಂದ್ಕಂಡ್ಯಾ?"

"ಹಾಗಾದ್ರೆ ಭಾಯಿ ಹತ್ರ ಇಷ್ಟು ವರ್ಷ ಜಗಳ ಎಂತಕ್ಕೆ?"

"ಹೌದು ಅಂದ್ರೆ, ತನ್ನದು ಉಳಿಸೂಕೆ ನನ್ನದು ಸವೆಸಿದ ಅಂತ ನಿನ್ನಣ್ಣನ ಮರ್ಯಾದೆ ಹೋಗೂದಿಲ್ವಾ?"

ನನಗೆ ಮೈಯೆಲ್ಲ ಉರಿಯಿತು. ನಾನು ಇವರ ಮರ್ಯಾದೆ ಕಾಯುತ್ತಿದ್ದರೆ ಇವರು ಅಣ್ಣನದನ್ನು ಕಾಯುತ್ತಿದ್ದರು. ಬಾಯಿ ಬಿಟ್ಟಿದ್ದರೆ ಎಷ್ಟು ಚಹಾಪುಡಿ ಉಳಿಯುತ್ತಿತ್ತು.

"ಗೊತ್ತಿದ್ದೂ ಅವನಿಗೆ ಕೊಟ್ಟದ್ದು ಯಾಕೆ?" ಎಂದು ರೇಗಿದೆ.

ಇವರು ಕನ್ನಡಕ ಒರೆಸಿಕೊಂಡರು. "ಕೊಡದೇ ಇದ್ರೆ ಭಾನುವಾರ ನಿಮ್ಮನೆಗೆ ಎಂತ ಹೇಳ್ಕಂಡು ಬರೂದಾಗಿತ್ತು?"

ಇವತ್ತು ಅಂಗಿಯನ್ನು ಮತ್ತೆ ನೀರಿಗೆ ಹಾಕಿದ್ದೇನೆ. ಜೇಬಿನ ನೀಲಿ ಹೋಗಿಲ್ಲ. ನಾನೂ ಅಷ್ಟೊಂದು ತಿಕ್ಕಲಿಲ್ಲ.