ಅಪ್ಪನ ಬಗ್ಗೆ ಅವರು ಆಡಿದ ಮಾತು

ನಮ್ಮಪ್ಪ ಬೆಟಗೇರಿಯ ಮಗ್ಗದ ಮನೆಯಲ್ಲಿ ಹುಟ್ಟಿದವನು. ಮದುವೆಯಾದ ಮೇಲೆ ಮುಂಡರಗಿಗೆ ಬಂದು ಬಟ್ಟೆ ಅಂಗಡಿ ಹಾಕಿದ. ಮಾತೇ ಇಲ್ಲದ ವ್ಯಾಪಾರಿ. ಗಿರಾಕಿ ಬಂದರೆ ಸೀರೆ ಬಿಚ್ಚಿ ಹರವಿ ಸುಮ್ಮನೆ ನಿಲ್ಲುತ್ತಿದ್ದ. ಬೇಕಾದರೆ ತೆಗೆದುಕೊಳ್ಳಲಿ, ಬೇಡವಾದರೆ ಹೋಗಲಿ. ಮನೆಯಲ್ಲೂ ಹಾಗೆಯೇ. ಪಲ್ಯ ಚಲೋ ಆಗಿದೆ ಎಂದು ಒಮ್ಮೆಯೂ ಅಂದವನಲ್ಲ, ಉಪ್ಪು ಹೆಚ್ಚಾಗಿದೆ ಎಂದು ಬೈದವನೂ ಅಲ್ಲ. ಅಂಗಡಿ ಬಂದ್ ಇರುವ ದಿನ ಒಮ್ಮೊಮ್ಮೆ ಬಸ್ ಹತ್ತಿ ಕೊರ್ಲಹಳ್ಳಿಗೆ ಹೋಗಿ ತುಂಗಭದ್ರಾ ಹೊಳೆಯ ದಂಡೆಯಲ್ಲಿ ಕುಳಿತು ಬರುತ್ತಿದ್ದ. ಯಾಕೆ ಹೋಗುತ್ತೀರಿ ಎಂದು ಅವ್ವ ಕೇಳಿ ಕೇಳಿ ಸೋತಿದ್ದಳು. ಆ ಹೊಳೆಯ ಮೇಲಿರುವ ಜೀವ ತನ್ನ ಮೇಲಿಲ್ಲ ಎಂದು ನನ್ನ ಮುಂದೆ ಎಷ್ಟೋ ಸಲ ಅಂದದ್ದುಂಟು.

ಅಪ್ಪ ತೀರಿಕೊಂಡ ಮೇಲೆ ಅಣ್ಣ ಮುಂಡರಗಿಯಲ್ಲೇ ಒಂದು ನುಡಿನಮನ ಇಟ್ಟುಕೊಂಡ. ಮಾತಾಡಲು ಶಿರಹಟ್ಟಿಯಿಂದ ಒಬ್ಬ ನಿವೃತ್ತ ಮಾಸ್ತರರನ್ನು ಕರೆಸಿದ. ನಮ್ಮ ಭಾಗದಲ್ಲಿ ಮದುವೆಯಿರಲಿ, ನಿವೃತ್ತಿಯ ಸನ್ಮಾನವಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಅವರು ಬರಲೇಬೇಕು. ಅವರು ಎಷ್ಟು ಮೆಲ್ಲಗೆ ಶುರು ಮಾಡುತ್ತಾರೆಂದರೆ ಯಾರಾದರೂ ಎದ್ದು ಹೋಗಿ ಫ್ಯಾನ್ ಬಂದ್ ಮಾಡಿ ಬರುತ್ತಾರೆ. ಆಮೇಲೆ ಸೆಕೆಯಲ್ಲಿ ಬೆವರುತ್ತಾ ಕುಳಿತರೂ ಒಬ್ಬರೂ ಏಳುವುದಿಲ್ಲ.

ಅವತ್ತು ಅವರ ಬಸ್ ತಡವಾಯಿತು. ಸಭಾಭವನದ ಬಾಗಿಲಲ್ಲಿ ನಿಂತು ಚಹಾ ಕುಡಿಯುತ್ತಲೇ ನನ್ನನ್ನು ಕರೆದು, ತಂದೆಯವರ ಬಗ್ಗೆ ಒಂದೆರಡು ಮಾತು ಹೇಳಿರಿ ಎಂದರು. ಅಪ್ಪನ ಪರಿಚಯ ಅವರಿಗೆ ಇರಲಿಲ್ಲ. ನಾನು ಗದುಗಿನ ಶಾಲೆಯೊಂದರಲ್ಲಿ ಗಣಿತ ಕಲಿಸುವವಳು, ಇದ್ದದ್ದನ್ನು ಇದ್ದ ಹಾಗೆ ಹೇಳುವ ರೂಢಿ. ಬಟ್ಟೆ ಅಂಗಡಿ ಇತ್ತು, ಮಾತು ಕಡಿಮೆ, ಕೊರ್ಲಹಳ್ಳಿಯ ಹೊಳೆ ದಂಡೆಗೆ ಹೋಗುತ್ತಿದ್ದ ಎಂದೆ. ಮತ್ತೇನು ಹೇಳಬೇಕೋ ಹೊಳೆಯಲಿಲ್ಲ. ಅಷ್ಟರಲ್ಲಿ ಅವರ ಹೆಸರು ಕೂಗಿದರು.

ಮೈಕಿನ ಮುಂದೆ ನಿಂತು ಅವರು ಹೇಳಿದ್ದು ಇದು. ಒಂದು ವರ್ಷ ತುಂಗಭದ್ರೆ ಉಕ್ಕಿ ದಂಡೆಯ ಮನೆಗಳಿಗೆ ನೀರು ನುಗ್ಗಿತ್ತು. ಜನ ಉಟ್ಟ ಬಟ್ಟೆಯಲ್ಲಿ ಶಾಲೆಯ ಕಟ್ಟಡ ಸೇರಿದ್ದರು. ಮುಂಡರಗಿಯ ಒಬ್ಬ ಬಟ್ಟೆ ವ್ಯಾಪಾರಿ ಅಂಗಡಿಯ ಕಪಾಟು ಖಾಲಿ ಮಾಡಿ, ಗಂಟು ಕಟ್ಟಿ, ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೋದ. ಕೊಟ್ಟು, ಹೆಸರೂ ಹೇಳದೆ ತಿರುಗಿ ಬಂದ. ಆಮೇಲೆ ಎಷ್ಟೋ ವರ್ಷ ಆ ದಂಡೆಗೆ ಹೋಗಿ ಕೂರುತ್ತಿದ್ದದ್ದು ಹೊಳೆ ನೋಡಲಿಕ್ಕಲ್ಲ, ತಾನು ಕೊಟ್ಟ ಸೀರೆ ಉಟ್ಟ ಹೆಣ್ಣುಮಕ್ಕಳು ನೀರಿಗೆ ಬರುವುದನ್ನು ನೋಡಲಿಕ್ಕೆ.

ಸಭೆಯಲ್ಲಿ ಮೊದಲು ಒಬ್ಬರು ಮೂಗು ಒರೆಸಿಕೊಂಡರು, ಆಮೇಲೆ ಎಲ್ಲರೂ. ಮುಂದಿನ ಸಾಲಿನಲ್ಲಿದ್ದ ಅವ್ವ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು. ಅಪ್ಪ ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ನಾನೂ ಕಣ್ಣೊರೆಸಿಕೊಂಡೆ. ಜೊತೆಗೇ ತಲೆ ಕೆಟ್ಟಂತಾಯಿತು, ಯಾಕೆಂದರೆ ಇವರು ಯಾರ ಬಗ್ಗೆ ಹೇಳುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಅಣ್ಣನ ಕಿವಿಯಲ್ಲಿ ಇದೆಲ್ಲ ಖರೆಯೇ ಎಂದು ಕೇಳಿದೆ. ಆ ವರ್ಷ ಹೊಳೆ ಉಕ್ಕಿ ಬಂದಾಗ ಅಪ್ಪ ಜ್ವರದಿಂದ ಮಲಗಿದ್ದ, ಅಂಗಡಿಯನ್ನು ತಾನೇ ನೋಡಿಕೊಂಡಿದ್ದೆ ಎಂದ. ಅಷ್ಟು ಹೇಳಿ ತಾನೂ ಕಣ್ಣೊರೆಸಿಕೊಂಡ.

ಊಟದ ಹೊತ್ತಿಗೆ ಕೊರ್ಲಹಳ್ಳಿ ಕಡೆಯ ಒಬ್ಬ ರೈತರು ಅವ್ವನ ಹತ್ತಿರ ಬಂದು ಕೈ ಮುಗಿದರು. ತಮ್ಮ ತಾಯಿಗೂ ಅವತ್ತು ಒಂದು ಹಸಿರು ಸೀರೆ ಸಿಕ್ಕಿತ್ತಂತೆ. ನನಗೆ ಜೀವ ಬಂದಂತಾಯಿತು.

“ಕೊಟ್ಟವರು ನಮ್ಮಪ್ಪ ಅಂತ ನಿಮಗ ಮೊದಲ ಗೊತ್ತಿತ್ತೇನ್ರಿ?” ಎಂದು ಕೇಳಿದೆ.

ಅವರು ಸ್ವಲ್ಪ ಯೋಚಿಸಿದರು. “ಯಾರು ಕೊಟ್ರು ಅಂತ ಗೊತ್ತಿರಲಿಲ್ರಿ ಅಕ್ಕಾರ. ಇವತ್ತ ಗೊತ್ತಾತು.”

ಮುಂದಿನ ತಿಂಗಳುಗಳಲ್ಲಿ ನಮ್ಮ ಮನೆ ಬದಲಾಯಿತು. ಮಾತಾಡಿಸಲು ಬಂದವರಿಗೆಲ್ಲ ಅವ್ವ ಆ ಪ್ರವಾಹದ ಕಥೆ ಹೇಳತೊಡಗಿದಳು. ಸೀರೆಗಳನ್ನು ಮಡಿಚಿ ಗಂಟು ಕಟ್ಟಿದ್ದು ತಾನೇ ಎಂದಳು. ಹೊಳೆಯ ಮೇಲಿನ ಹಳೆಯ ಸಿಟ್ಟು ಎಲ್ಲಿಗೆ ಹೋಯಿತೋ! ಗಂಡನ ಮೌನದ ಬಗ್ಗೆ ಈಗ ಹೆಮ್ಮೆಯಿಂದ ಮಾತಾಡುತ್ತಿದ್ದಳು, ಮುಖದಲ್ಲಿ ಒಂದು ಕಳೆ ಬಂದಿತ್ತು. ಇದನ್ನು ನಮಗೆ ಯಾವತ್ತೂ ಹೇಳಿರಲಿಲ್ಲವಲ್ಲ ಎಂದರೆ, ನೀವು ಯಾವಾಗ ಕೇಳಿದಿರಿ ಎಂದು ನನ್ನನ್ನೇ ತಿರುಗಿ ಕೇಳಿದಳು. ಅಣ್ಣನೂ ಜ್ವರದ ಮಾತು ಬಿಟ್ಟ. ಅದು ಬೇರೆ ವರ್ಷ ಇರಬಹುದು ಎಂದ. ಸ್ವಲ್ಪ ದಿನಕ್ಕೆ, ಟ್ರ್ಯಾಕ್ಟರ್ ಯಾರದೆಂದು ಗಿರಾಕಿಗಳಿಗೆ ವಿವರಿಸುತ್ತಿದ್ದ.

ತಡೆಯಲಾಗದೆ ನಾನೊಂದು ಭಾನುವಾರ ಲಕ್ಷ್ಮೇಶ್ವರದ ಬಸ್ ಹಿಡಿದು ಶಿರಹಟ್ಟಿಯಲ್ಲಿ ಇಳಿದೆ. ಮಾಸ್ತರರು ಪಡಸಾಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ಮೈಕಿಲ್ಲದೆ ಅವರ ದನಿ ಬೇರೆಯೇ ಇತ್ತು, ಸ್ವಲ್ಪ ಉಬ್ಬಸ. ಆ ಪ್ರವಾಹದ ಸಂಗತಿ ನಿಮಗೆ ಯಾರು ಹೇಳಿದರು ಎಂದು ಕೇಳಿದೆ. ನೀವೇ ಹೇಳಿದಿರಲ್ಲ ಎಂದರು. ನಾನು ಹೊಳೆಯ ಸುದ್ದಿಯಷ್ಟೇ ಹೇಳಿದ್ದು ಎಂದೆ. ಅವರು ಬಹಳ ಹೊತ್ತು ನೆನಪು ಮಾಡಿಕೊಳ್ಳಲು ನೋಡಿದರು. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ಯಾರೋ ಹೇಳಿದ್ದಿರಬಹುದು, ಬೇರೆ ಯಾವುದೋ ಊರಿನ ಬೇರೆ ಯಾರದೋ ಸಂಗತಿಯೂ ಇರಬಹುದು ಎಂದರು. ನಾನು ನೊಂದುಕೊಂಡದ್ದು ಅವರಿಗೆ ತಿಳಿಯಿತೆಂದು ಕಾಣುತ್ತದೆ.

“ತಂಗೀ, ಬೇಕಂತ ನಾ ಸುಳ್ಳು ಹೇಳೂದಿಲ್ಲ. ಆದರ ಮಂದಿ ಮಾರಿ ನೋಡ್ಕೋತ ನಿಂತಾಗ, ಮಾತು ಎಲ್ಲಿಂದ ಬರ್ತಾವ ಅನ್ನೂದು ನನಗೂ ಗೊತ್ತಾಗೂದಿಲ್ಲ,” ಎಂದರು. ಆಮೇಲೆ ಕೇಳಿದರು: “ತಾಯಿಯವರು ಏನಂತಾರ?”

ಖರೆ ಅನ್ನುತ್ತಾರೆ ಎಂದೆ. ಅವರು ತಲೆಯಾಡಿಸಿ, ಒಂದು ಹಿಡಿ ಶೇಂಗಾ ನನ್ನ ಕೈಗೆ ಹಾಕಿದರು.

ವರ್ಷದ ಪುಣ್ಯಸ್ಮರಣೆಗೆ ಮಾಸ್ತರರಿಗೆ ಮೈ ಚಲೋ ಇರಲಿಲ್ಲ, ಬರಲಾಗಲಿಲ್ಲ. ಮಗಳು ಟೀಚರ್ ಇದ್ದಾಳೆ, ಅವಳೇ ಮಾತಾಡಲಿ ಎಂದರು ಎಲ್ಲರೂ. ನನಗೂ ಅದು ಬೇಕಾಗಿತ್ತು. ನಾನು ಕಂಡ ಅಪ್ಪನನ್ನು ಇದ್ದ ಹಾಗೆ ಹೇಳಿಬಿಡಬೇಕು, ಅವನ ಬಿಗಿದ ಮುಖ, ಅವನು ತಿರುಗಿ ನೋಡದೆ ನಡೆಯುತ್ತಿದ್ದ ರೀತಿ, ಅದರಿಂದ ನಮಗಾಗುತ್ತಿದ್ದ ಬೇಸರ, ಎಲ್ಲ. ಮನೆಯಲ್ಲಿ ಮನಸ್ಸಿನಲ್ಲೇ ಜೋಡಿಸಿಕೊಂಡು ಹೋಗಿದ್ದೆ.

ಮೈಕಿನ ಮುಂದೆ ನಿಂತು ಎರಡು ಮಾತು ಆಡಿದೆನೋ ಇಲ್ಲವೋ, ಯಾರೋ ಎದ್ದು ಫ್ಯಾನ್ ಬಂದ್ ಮಾಡಿದರು. ಜನ ಮುಖ ಎತ್ತಿ ನೋಡುತ್ತಿದ್ದರು. ನಾನು ಪ್ರವಾಹದ ಕಥೆ ಹೇಳುತ್ತಿದ್ದೆ. ಹೇಳುತ್ತಾ ಹೇಳುತ್ತಾ, ಎಲ್ಲಿಯೂ ಕೇಳದ ಒಂದು ಮಾತು ನನ್ನ ಬಾಯಿಂದ ಬಂತು: ನಾಗರಪಂಚಮಿಗೆಂದು ಅವ್ವನಿಗೆ ತೆಗೆದಿಟ್ಟ ಸೀರೆಯನ್ನೂ ಅಪ್ಪ ಅವತ್ತು ಆ ಗಂಟಿನಲ್ಲಿ ಹಾಕಿದ, ಅವ್ವ ಆ ಹಬ್ಬವನ್ನು ಹಳೆಯ ಸೀರೆಯಲ್ಲೇ ಮಾಡಿದಳು. ಹೇಳುವಾಗ ನನಗೆ ಅದು ಸುಳ್ಳು ಅನ್ನಿಸಲಿಲ್ಲ; ಅಪ್ಪನ ಕೈ, ಅವನು ಸೀರೆಯ ಅಂಚು ಒಳಗೆ ತುರುಕಿದ್ದು, ಎಲ್ಲ ಕಣ್ಣಿಗೆ ಕಟ್ಟಿತ್ತು.

ಇಳಿದು ಬಂದು ಅವ್ವನ ಪಕ್ಕ ಕುಳಿತೆ. ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು ಮೆಲ್ಲಗೆ ಕೇಳಿದಳು:

“ಅದನ್ನ ನಿನಗ ಯಾರು ಹೇಳಿದ್ರು? ಯಾರಿಗೂ ಹೇಳಬ್ಯಾಡ ಅಂದಿದ್ರು ಅವರು.”

ನಾನು ಅವಳ ಮುಖವನ್ನೇ ನೋಡಿದೆ. ನಾಟಕ ಇರಲಿಲ್ಲ, ಹುಡುಗಾಟ ಇರಲಿಲ್ಲ. ಅಪ್ಪನೇ ಹೇಳಿದ್ದ ಎಂದುಬಿಟ್ಟೆ. ಅದೊಂದು ಮಾತ್ರ ಸುಳ್ಳು ಎಂದು ನನಗೆ ಗೊತ್ತಿತ್ತು. ಉಳಿದದ್ದರ ಬಗ್ಗೆ ಈಗಲೂ ಗೊತ್ತಿಲ್ಲ.

ಮರುವಾರ ಅಡರಕಟ್ಟಿಯಿಂದ ಫೋನ್ ಬಂತು. ನಮ್ಮ ಸಭೆಗೆ ಬಂದಿದ್ದವರಂತೆ. ಊರಿನ ಒಬ್ಬ ಹಿರಿಯರ ಸನ್ಮಾನ ಇದೆ, ತಾವು ಬಂದು ನಾಲ್ಕು ಮಾತಾಡಬೇಕು ಎಂದರು. ನಾನು ಏನೇನೋ ನೆವ ಹೇಳಿದ ನೆನಪು. ಕೊನೆಗೆ ಹೂಂ ಅಂದಿರಬೇಕು, ಯಾಕೆಂದರೆ ಅವರು ಸಂತೋಷಪಟ್ಟು, ಬೆಳಿಗ್ಗೆ ಗಾಡಿ ಕಳಿಸುತ್ತೇವೆ ಎಂದು ಹೇಳಿ ಫೋನ್ ಇಟ್ಟರು.