ಎದುರು ಮನೆಗೆ ಎಳ್ಳು ಬೀರದ ಸಂಕ್ರಾಂತಿ

ಸಂಕ್ರಾಂತಿಗೆ ಎರಡು ದಿನ ಇರುವಾಗ ನಾದಿನಿಯ ಜೊತೆ ಜೈಲಿನ ಸಿನಿಮಾ ಒಂದಕ್ಕೆ ಹೋಗಿದ್ದೆ. ಮಾಡದ ಕೊಲೆಗೆ ಒಬ್ಬ ಬಡಪಾಯಿಯನ್ನು ಒಳಗೆ ಹಾಕಿರುತ್ತಾರೆ. ಅವನ ಕಡೆಗಿರುವುದು ವಯಸ್ಸಾದ ವಾರ್ಡರ್ ಒಬ್ಬನೇ. ಆ ವಾರ್ಡರ್ ತನ್ನ ಬುತ್ತಿಯ ಅರ್ಧ ಮುದ್ದೆಯನ್ನು ಕಂಬಿಯ ಸಂದಿಯಲ್ಲಿ ಚಾಚಿದಾಗ ನಾನು ಅತ್ತ ಅಳುವಿಗೆ ಹಿಂದಿನ ಸೀಟಿನ ಹುಡುಗಿ, "ಆಂಟಿ, ನೀರು ಕೊಡ್ಲಾ?" ಎಂದಳು. ಮಾರನೆಯ ದಿನ ಬಸವೇಶ್ವರನಗರದ ನಮ್ಮ ರಸ್ತೆಗೆ ಸೊಪ್ಪಿನ ಗಾಡಿ ಬಂದಾಗ, ನೆರೆದ ಹೆಂಗಸರಿಗೆಲ್ಲ ಇಡೀ ಕಥೆಯನ್ನು ಅಭಿನಯ ಸಮೇತ ಹೇಳಿದೆ. "ಎಂಥ ಅನ್ಯಾಯ ರೀ! ಏನೂ ಮಾಡದೋನನ್ನ ಹಿಡ್ಕೊಂಡ್ಹೋಗಿ... ಮನುಷ್ಯತ್ವ ಅನ್ನೋದೇ ಇಲ್ವಾ ಜನಕ್ಕೆ?" ನನ್ನ ಗಂಟಲೋ, ರಸ್ತೆಯ ಆ ತುದಿಗೂ ಕೇಳಿಸುವಂಥದ್ದು.

ನಮ್ಮ ಎದುರು ಮನೆಯಾತ ಕಾರು ಡ್ರೈವರ್. ಕೆಲಸಕ್ಕಿದ್ದ ಮನೆಯಲ್ಲಿ ಒಡವೆ ಕಳುವಾಯಿತೆಂದು ಅವನನ್ನು ಹಿಡಿದಿದ್ದರು. ಜಾಮೀನಿಗೆ ನಿಲ್ಲುವವರಿಲ್ಲದೆ ಎರಡು ವರ್ಷ ಒಳಗೇ ಇದ್ದ. ಕೊನೆಗೆ ಇವನದೇನೂ ತಪ್ಪಿಲ್ಲವೆಂದು ಕೋರ್ಟು ಬಿಟ್ಟಿತು, ದೀಪಾವಳಿಯ ಹೊತ್ತಿಗೆ ಮನೆಗೆ ಬಂದ. ಅವನು ಬಂದ ಮೇಲೆ ನಮ್ಮ ರಸ್ತೆಯವರೆಲ್ಲ ಹಗಲು ಹೊತ್ತಿನಲ್ಲೂ ಗೇಟಿಗೆ ಬೀಗ ಹಾಕತೊಡಗಿದೆವು.

ಹಬ್ಬದ ಮಧ್ಯಾಹ್ನ ಎಳ್ಳು-ಬೆಲ್ಲದ ಪೊಟ್ಟಣ, ಸಕ್ಕರೆ ಅಚ್ಚು, ಕಬ್ಬಿನ ತುಂಡು ತಟ್ಟೆಯಲ್ಲಿಟ್ಟುಕೊಂಡು ಮನೆಮನೆಗೆ ಬೀರಲು ಹೊರಟೆ. ಅವನು ಜೈಲಿನಲ್ಲಿದ್ದಷ್ಟು ದಿನ, ಪಾಪ ಅಂತ, ಅವನ ಹೆಂಡತಿಗೆ ಒಂದು ಸಂಕ್ರಾಂತಿಯೂ ತಪ್ಪಿಸಿರಲಿಲ್ಲ. ಈ ಸಲ ಅವನೇ ಬಾಗಿಲು ತೆಗೆದುಬಿಟ್ಟರೆ? ಯಾಕೆ ಬೇಕು ಉಸಾಬರಿ ಎಂದು ಮೊದಲೇ ಅಂದುಕೊಂಡು ಆ ಒಂದು ಮನೆ ಬಿಟ್ಟು ಬಂದೆ.

ಹಬ್ಬದ ದಿನವೆಂದು ಗೇಟಿನ ಬೀಗ ತೆಗೆದೇ ಇತ್ತು; ದೀಪ ಹಚ್ಚುವ ಹೊತ್ತಿಗೆ ಬೆಲ್ ಆಯಿತು. ಎದುರು ಮನೆಯವಳು ರೇಷ್ಮೆ ಸೀರೆ ಉಟ್ಟು ತಟ್ಟೆ ಹಿಡಿದು ನಿಂತಿದ್ದಳು. ಗಂಡ ಗೇಟಿನ ಆಚೆಯೇ ಇದ್ದ. ತಟ್ಟೆಯಲ್ಲಿ ಒಂದು ಪೊಟ್ಟಣವೂ ಖರ್ಚಾಗಿರಲಿಲ್ಲ.

"ಆಂಟಿ, ನೀವಾದ್ರೂ ತಗೊಳ್ಳಿ," ಎಂದಳು. "ಪಕ್ಕದ್ಮನೆಯವ್ರು ಮಲಗಿದಾರಂತೆ, ಈ ಹೊತ್ನಲ್ಲಿ! ಮೂಲೆ ಮನೆಯವ್ರು ಬಾಗ್ಲೇ ತೆಗೀಲಿಲ್ಲ. ಮೊದ್ಲಿನ ಹಾಗೇ ಎಲ್ಲಾರ ಮನೆಗೂ ಹೋಗೋಣ ಅಂತ ಇವ್ರೇ ಹೊರಡಿಸಿದ್ದು. ನೀವೂ ಬೇಡ ಅಂದ್ರೆ ಮನೆ ಖಾಲಿ ಮಾಡೋಣ ಅಂತಿದಾರೆ."

ಥೂ, ನನ್ನ ಜನ್ಮಕ್ಕಿಷ್ಟು! ಎರಡೂ ಕೈ ಚಾಚಿ ತೆಗೆದುಕೊಂಡೆ. ಆದರೆ ಎಳ್ಳು ತಂದವರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ಅವರ ಪಾಲಿನ ಪೊಟ್ಟಣವನ್ನು ನಾನು ಕಟ್ಟಿಯೇ ಇರಲಿಲ್ಲ. ಅಡುಗೆಮನೆಗೆ ಓಡಿ ಡಬ್ಬದ ತಳದಲ್ಲಿದ್ದ ಎಳ್ಳನ್ನು ಬಳಿದು, ಉಳಿದಿದ್ದ ಒಡಕು ಅಚ್ಚನ್ನು ಇಟ್ಟು ತಂದೆ. "ನಿಮ್ಮನೆಗೆ ಕೊನೇಲಿ ಬರೋಣ ಅಂತಿದ್ದೆ ಕಣಮ್ಮ," ಎಂದು ಸುಳ್ಳು ಬೇರೆ. ಅವಳು ಒಡಕು ಅಚ್ಚನ್ನು ನೋಡಿದಳು, ಅದನ್ನೇ ಕಣ್ಣಿಗೊತ್ತಿಕೊಂಡು ತಟ್ಟೆಯಲ್ಲಿಟ್ಟುಕೊಂಡಳು. ನಾಚಿಕೆಯಿಂದ ಕುಗ್ಗಿಹೋದೆ. ಅವಳು ಬೈದಿದ್ದರೇ ವಾಸಿಯಿತ್ತು.

ಗೇಟಿನವರೆಗೆ ಹೋಗಿ ಅವನನ್ನು ಕರೆದೆ. "ಒಳಗೆ ಬಾಪ್ಪಾ, ಕಾಫಿ ಕುಡ್ಕೊಂಡು ಹೋಗು."

"ಇರ್ಲಿ ಬಿಡಿ ಆಂಟಿ," ಎಂದ. ಹೋಗಲು ತಿರುಗಿದವನು ನಿಂತ. "ನಿನ್ನೆ ಸೊಪ್ಪಿನ ಗಾಡಿ ಹತ್ರ ಸಿನಿಮಾ ಕತೆ ಹೇಳ್ತಿದ್ರಲ್ಲ, ಮನೆ ಒಳಗಿಂದ ಕೇಳಿಸ್ಕೊತಿದ್ದೆ. ಕೊನೆಗೆ ಅವನ್ನ ಬಿಡ್ತಾರಾ?"

"ಬಿಡ್ತಾರಪ್ಪ."

"ಆಮೇಲೆ?"

"ಆಮೇಲೇನಿಲ್ಲ. ಜೈಲಿನ ಬಾಗ್ಲು ದಾಟಿ ಆಚೆ ಬರ್ತಾನೆ. ಥಿಯೇಟರ್ನಲ್ಲಿ ಎಲ್ರೂ ಚಪ್ಪಾಳೆ ಹೊಡೆದ್ರು. ಅಲ್ಲಿಗೆ ಮುಗೀತು."

"ಮನೆಗೆ ಹೋಗೋದು ತೋರ್ಸಲ್ವಾ?"

ಇಲ್ಲ ಎಂದೆ. ಹಾಗೆನ್ನುವಾಗ ಅವನ ಮುಖ ನೋಡಲಾಗಲಿಲ್ಲ.